ಡ್ಯೂಟಿ ಪಟ್ಟಿ ಮತ್ತು ಮನಃಸ್ಥೈರ್ಯ: ಠಾಣಾ ಪೊಲೀಸರ ಕುರಿತು ಒಂದು ಸಂಶೋಧನಾ ಟಿಪ್ಪಣಿ

ಕರ್ನಾಟಕದ ಪೊಲೀಸರು 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತಾರೆಂಬ ಸುದ್ದಿ ಆ ಬೇಸಿಗೆಯಲ್ಲಿ ರಾಜ್ಯದ ತುಂಬ ಹರಿದಾಡಿತ್ತು. ಕರೆ ಕೊಟ್ಟದ್ದು ಅಖಿಲ ಕರ್ನಾಟಕ ಪೊಲೀಸ್ ಮಹಾಸಂಘ. ಬೇಡಿಕೆಗಳೇನೂ ವಿಪರೀತದವಲ್ಲ. ಇತರ ರಾಜ್ಯಗಳಿಗೆ ಸಮನಾದ ಸಂಬಳ, ವಾರಕ್ಕೊಂದು ರಜೆ, ದುಡಿಮೆಗೊಂದು ಹೊತ್ತುಗೊತ್ತು, ಮೇಲಧಿಕಾರಿಗಳ ಕಿರುಕುಳಕ್ಕೆ ಕಡಿವಾಣ, ಸಾಹೇಬರ ಮನೆಗೆಲಸಕ್ಕೆ ಹಚ್ಚುವ ಆರ್ಡರ್ಲಿ ಪದ್ಧತಿಗೆ ಕೊನೆ. ಸರ್ಕಾರ ಎಸ್ಮಾ ಜಾರಿ ಮಾಡಿತು. ಸಂಘದ ಮುಖಂಡರನ್ನು ರಾಜದ್ರೋಹದ ಆರೋಪದಡಿ ಬಂಧಿಸಿತು. ನಿಗದಿಯಾದ ದಿನ ಬಹುಪಾಲು ಸಿಬ್ಬಂದಿ ಎಂದಿನಂತೆ ಕೆಲಸಕ್ಕೆ ಬಂದರು. ಹಿರಿಯ ಐಪಿಎಸ್ ಅಧಿಕಾರಿ ರಾಘವೇಂದ್ರ ಔರಾದಕರ್ ನೇತೃತ್ವದ ಸಮಿತಿ ಅದೇ ವರ್ಷ ವರದಿ ಕೊಟ್ಟಿತು. ಅದರ ಆಧಾರದ ಮೇಲೆ ಸಂಬಳ ಪರಿಷ್ಕರಣೆಯಾದದ್ದು 2019ರಲ್ಲಿ.

ಆ ಬೇಡಿಕೆಪಟ್ಟಿಯನ್ನು ಹೆಚ್ಚಿನವರು ಸಂಬಳದ ಜಗಳವೆಂದು ಓದಿದರು, ಕೆಲವರು ಶಿಸ್ತಿನ ಪ್ರಶ್ನೆಯೆಂದು ಓದಿದರು. ಮಾನಸಿಕ ಆರೋಗ್ಯದ ದಾಖಲೆಯೆಂದು ಓದಿದವರು ಕಡಿಮೆ. ಪೊಲೀಸರ ಮನಸ್ಸಿನ ಬಗ್ಗೆ ನಡೆದಿರುವ ಅಧ್ಯಯನಗಳನ್ನು ಓದುತ್ತ ಹೋದಂತೆ ನನಗೆ ಅದು ಹಾಗೆಯೇ ಕಾಣತೊಡಗಿತು. ಸಂಶೋಧಕರು ನೂರಾರು ಪ್ರಶ್ನೆ ಕೇಳಿ, ಅಂಕಗಳನ್ನು ಕೂಡಿ ಕಳೆದು, ಕೊನೆಗೆ ತಲುಪುವ ಉತ್ತರ ಬಹುಮಟ್ಟಿಗೆ ಇದೇ: ರಜೆ, ಹೊತ್ತು, ಮೇಲಿನವರ ನಡವಳಿಕೆ, ನ್ಯಾಯ. ಈ ಟಿಪ್ಪಣಿಯ ವಾದವೂ ಅಷ್ಟೇ. ಪೊಲೀಸರ ಮನಃಸ್ಥೈರ್ಯವನ್ನು ಅಳೆಯಬೇಕಾದ ಮೊದಲ ಜಾಗ ಠಾಣೆಯ ಡ್ಯೂಟಿ ಪಟ್ಟಿ, ಪ್ರಶ್ನಾವಳಿ ಆಮೇಲೆ.

ಅಂದ ಮಾತ್ರಕ್ಕೆ ಇದು ಕಾನ್‌ಸ್ಟೆಬಲ್‌ಗಳಿಗಷ್ಟೇ ಸೀಮಿತವಾದ ಸಂಕಟವಲ್ಲ. 2016ರ ಜುಲೈ ಮೊದಲ ವಾರದಲ್ಲಿ, ಒಂದೆರಡು ದಿನಗಳ ಅಂತರದಲ್ಲಿ, ರಾಜ್ಯದ ಇಬ್ಬರು ಡಿವೈಎಸ್‌ಪಿಗಳು ಪ್ರಾಣ ಕಳೆದುಕೊಂಡರು. ಆ ಸಾವುಗಳ ಸುತ್ತ ನಡೆದ ರಾಜಕೀಯ ಚರ್ಚೆ ಇಲ್ಲಿ ಬೇಡ. ಹೆಗಲ ಮೇಲಿನ ನಕ್ಷತ್ರಗಳು ಮನಸ್ಸನ್ನು ಕಾಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು ಎಂದಷ್ಟೇ ಹೇಳಿದರೆ ಸಾಕು.

ಅಳತೆಗೋಲುಗಳು

ಪೊಲೀಸರ ಒತ್ತಡವನ್ನು ಅಳೆಯಲು ಜಗತ್ತಿನಾದ್ಯಂತ ಹೆಚ್ಚಾಗಿ ಬಳಕೆಯಲ್ಲಿರುವುದು ಕೆನಡಾದ ಮೆಕ್‌ಕ್ರೀರಿ ಮತ್ತು ಥಾಂಪ್ಸನ್ 2006ರಲ್ಲಿ ರೂಪಿಸಿದ ಜೋಡಿ ಪ್ರಶ್ನಾವಳಿ. ಒಂದು ಕರ್ತವ್ಯದ ಒತ್ತಡಕ್ಕೆ, ಇನ್ನೊಂದು ಸಂಸ್ಥೆಯೇ ಹುಟ್ಟಿಸುವ ಒತ್ತಡಕ್ಕೆ. ಎರಡರಲ್ಲೂ 20 ಅಂಶಗಳು. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಇದರ ಜೊತೆಗೆ ಮನಃಸ್ಥೈರ್ಯವನ್ನು ಅಳೆಯಲು ಕಾನರ್ ಮತ್ತು ಡೇವಿಡ್‌ಸನ್ 2003ರಲ್ಲಿ ಪ್ರಕಟಿಸಿದ 25 ಅಂಶಗಳ ಮಾಪಕವನ್ನು ಬಳಸುವುದುಂಟು. ಭಾರತದ ಅಧ್ಯಯನಗಳೂ ಇವನ್ನೇ ಎತ್ತಿಕೊಂಡಿವೆ. ಕೇರಳದ ಕೋಯಿಕ್ಕೋಡ್ ನಗರದ ಪೊಲೀಸರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ಮೆಕ್‌ಕ್ರೀರಿ ಜೋಡಿಯನ್ನೇ ಬಳಸಿತು. ಅದಕ್ಕೂ ಮೊದಲು, 1998ರಷ್ಟು ಹಿಂದೆಯೇ, ನಿಮ್ಹಾನ್ಸ್‌ನ ಗೀತಾ, ಸುಬ್ಬಕೃಷ್ಣ ಮತ್ತು ಚನ್ನಬಸವಣ್ಣ ಅವರು ಪೊಲೀಸ್ ಸಿಬ್ಬಂದಿಯ ಕ್ಷೇಮಭಾವದ ಬಗ್ಗೆ ಭಾರತೀಯ ಮನೋವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ನಮ್ಮಲ್ಲಿ ಈ ವಿಷಯ ಹೊಸದೇನಲ್ಲ.

ನನ್ನ ತಕರಾರು ಇರುವುದು ಆ ಎರಡು ಪಟ್ಟಿಗಳ ವಿಂಗಡಣೆಯಲ್ಲಿ. ಪಾಳಿ, ಹೆಚ್ಚುವರಿ ದುಡಿಮೆ, ರಜೆಯ ದಿನವೂ ಕೋರ್ಟಿಗೆ ಓಡುವುದು, ದಣಿವು, ಮನೆಯವರ ಜೊತೆ ಕಳೆಯಲು ಸಮಯ ಸಿಗದಿರುವುದು ಇವೆಲ್ಲ ಅಲ್ಲಿ ಕರ್ತವ್ಯದ ಒತ್ತಡದ ಪಟ್ಟಿಯಲ್ಲಿವೆ. ಗಾಯದ ಭಯ, ಅಪಘಾತದ ಸ್ಥಳ, ಹೆಣ ನೋಡುವುದು ಇವೂ ಅದೇ ಪಟ್ಟಿಯಲ್ಲಿ. ಸಿಬ್ಬಂದಿ ಕೊರತೆ, ಮೇಲಧಿಕಾರಿಯ ಪಕ್ಷಪಾತ, ಇಲಾಖಾ ವಿಚಾರಣೆ, ಕಾಯಿಲೆ ಬಿದ್ದರೆ ಜೊತೆಯವರು ಕೀಳಾಗಿ ನೋಡುವುದು ಇತ್ಯಾದಿ ಎರಡನೆಯ ಪಟ್ಟಿಗೆ ಸೇರಿವೆ. ಹೆಚ್ಚುವರಿ ಗಂಟೆಗೆ ಲೆಕ್ಕವಿಟ್ಟು ಹಣ ಕೊಡುವ, ಬಲವಾದ ಸಂಘವಿರುವ ಕೆನಡಾದ ಪೊಲೀಸರಿಗೆ ಈ ವಿಂಗಡಣೆ ಒಪ್ಪಬಹುದು. ನಮ್ಮ ಠಾಣೆಯಲ್ಲಿ ಹದಿನಾಲ್ಕನೆಯ ಗಂಟೆಗೆ ಕಾರಣ ಕಳ್ಳನಲ್ಲ. ಖಾಲಿ ಹುದ್ದೆ, ಮತ್ತು ‘ಸಾಹೇಬರು ಹೊರಡುವ ತನಕ ಯಾರೂ ಹೋಗಬೇಡಿ’ ಎಂಬ ಮಾತು. ಹಾಗಾಗಿ ಭಾರತದ ಅಧ್ಯಯನವೊಂದು ಕರ್ತವ್ಯದ ಒತ್ತಡವೇ ಹೆಚ್ಚು ಎಂದು ಹೇಳಿದರೆ, ಆ ಮೊತ್ತವನ್ನು ಬಿಡಿಸಿ, ಯಾವ ಅಂಶಕ್ಕೆ ಎಷ್ಟು ಅಂಕ ಬಿತ್ತು ಎಂದು ನೋಡದೆ ಒಪ್ಪಬಾರದು. ದಣಿವಿನ ಅಂಕವನ್ನು ಗುಂಡೇಟಿನ ಭಯದ ಅಂಕದ ಜೊತೆ ಕೂಡಿಸಿದರೆ ಸಿಗುವ ಸಂಖ್ಯೆಯಿಂದ ನೀತಿ ರೂಪಿಸಲಾಗದು.

ಅದೇ ಪ್ರಶ್ನಾವಳಿಯಲ್ಲಿ, ಸದಾ ಕೆಲಸದ ಮೇಲೆಯೇ ಇದ್ದೇವೆ ಅನ್ನಿಸುವುದೂ ಒಂದು ಒತ್ತಡವೆಂದು ಸೇರಿದೆ. ಅಲ್ಲಿ ಅದೊಂದು ಅನಿಸಿಕೆ. ಇಲ್ಲಿ ಅದು ಕಾನೂನು. 1861ರ ಪೊಲೀಸ್ ಕಾಯ್ದೆಯ 22ನೇ ಕಲಂ ಪ್ರಕಾರ ಪೊಲೀಸ್ ಅಧಿಕಾರಿಯನ್ನು ಸದಾ ಕರ್ತವ್ಯದಲ್ಲಿರುವವನೆಂದೇ ಪರಿಗಣಿಸಬೇಕು. ಕರ್ನಾಟಕಕ್ಕೆ ತನ್ನದೇ 1963ರ ಕಾಯ್ದೆ ಇದೆಯಾದರೂ, 1857ರ ದಂಗೆಯ ಬೆನ್ನಿಗೇ ವಸಾಹತು ಸರ್ಕಾರ ಬರೆದಿಟ್ಟ ಆ ಕಲ್ಪನೆ ಠಾಣೆಯ ಗೋಡೆಗಳಲ್ಲಿ ಇಂದಿಗೂ ಹಾಗೆಯೇ ಇದೆ.

ಅಂಕಿಅಂಶಗಳು ಏನು ಹೇಳುತ್ತವೆ? 1977ರಲ್ಲಿ ಧರ್ಮವೀರ ಅಧ್ಯಕ್ಷತೆಯಲ್ಲಿ ರಚನೆಯಾದ ರಾಷ್ಟ್ರೀಯ ಪೊಲೀಸ್ ಆಯೋಗ ತನ್ನ ಮೊದಲ ವರದಿಯಲ್ಲೇ ಕೆಳಹಂತದ ಸಿಬ್ಬಂದಿ ವಾರದ ಏಳೂ ದಿನ, ದಿನಕ್ಕೆ 10ರಿಂದ 16 ಗಂಟೆ ದುಡಿಯುವುದನ್ನು ದಾಖಲಿಸಿತು. 2014ರಲ್ಲಿ ಹೈದರಾಬಾದಿನ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜು ಕೇಂದ್ರದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೊಗಾಗಿ ದೇಶದ ಠಾಣೆಗಳನ್ನು ಅಧ್ಯಯನ ಮಾಡಿತು. ಠಾಣಾ ಸಿಬ್ಬಂದಿಯಲ್ಲಿ ಶೇ 90ರಷ್ಟು ಮಂದಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ದುಡಿಯುತ್ತಿದ್ದರು. ಶೇ 73.6ರಷ್ಟು ಜನರಿಗೆ ತಿಂಗಳಿಗೊಮ್ಮೆಯೂ ವಾರದ ರಜೆ ಸಿಗುತ್ತಿರಲಿಲ್ಲ. ತಮ್ಮ ಸಿಬ್ಬಂದಿ ದಿನಕ್ಕೆ 14 ಗಂಟೆಗೂ ಹೆಚ್ಚು ಕೆಲಸ ಮಾಡುತ್ತಾರೆಂದು ಒಪ್ಪಿಕೊಂಡ ಠಾಣಾಧಿಕಾರಿಗಳು ಶೇ 27.7. ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು 2019ರಲ್ಲಿ 21 ರಾಜ್ಯಗಳ ಸುಮಾರು 12,000 ಪೊಲೀಸರನ್ನು ಮಾತಾಡಿಸಿದಾಗ ಬಂದ ಸರಾಸರಿ ದಿನಕ್ಕೆ 14 ಗಂಟೆ. ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆ ಇಲ್ಲ. ಇವು ದೇಶದ ಒಟ್ಟು ಚಿತ್ರ, ಕರ್ನಾಟಕದ್ದಷ್ಟೇ ಅಲ್ಲ ಎಂಬುದನ್ನು ನೆನಪಿಡಬೇಕು. ಬೇರೆ ಬೇರೆ ವಿಧಾನ, ಬೇರೆ ಬೇರೆ ಸಂಸ್ಥೆ, ನಡುವೆ ನಾಲ್ಕು ದಶಕ. ಉತ್ತರ ಮಾತ್ರ ಒಂದೇ.

ಒಂದು ಯುಡಿಆರ್

ಸಂಸ್ಥೆಯ ಒತ್ತಡವೇ ಮುಖ್ಯ ಎಂದಾಕ್ಷಣ ಹಲವರು ಆಕ್ಷೇಪಿಸುತ್ತಾರೆ: ಹಾಗಾದರೆ ಹೆಣ, ರಕ್ತ, ದೊಂಬಿ ಇವೆಲ್ಲ ಏನೂ ಅಲ್ಲವೇ? ಅವೂ ಮುಖ್ಯವೇ. ಎರಡೂ ಹೇಗೆ ಹೆಣೆದುಕೊಂಡಿವೆ ಎಂದು ತಿಳಿಯಲು ಠಾಣೆಗೆ ತೀರಾ ಮಾಮೂಲಾದ ಕೆಲಸವೊಂದನ್ನು ಹತ್ತಿರದಿಂದ ನೋಡಬೇಕು.

ಅಸಹಜ ಸಾವಿನ ಪ್ರಕರಣಕ್ಕೆ ಠಾಣೆಯಲ್ಲಿ ಯುಡಿಆರ್ ಎಂದೇ ಹೆಸರು. ಹಿಂದೆ ಸಿಆರ್‌ಪಿಸಿ 174ನೇ ಕಲಂ ಅಡಿ ನಡೆಯುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಅಡಿ ನಡೆಯುತ್ತದೆ. ಊರ ಹೊರಗಿನ ಕೆರೆಯಲ್ಲಿ ಹೆಂಗಸಿನ ಹೆಣ ತೇಲಿದೆ ಎಂದು ಸಂಜೆ ಹೊತ್ತಿಗೆ ಕರೆ ಬರುತ್ತದೆ ಅಂದುಕೊಳ್ಳಿ. ಸಬ್ ಇನ್‌ಸ್ಪೆಕ್ಟರ್ ಜೊತೆ ಇಬ್ಬರು ಕಾನ್‌ಸ್ಟೆಬಲ್‌ಗಳು ಹೋಗುತ್ತಾರೆ. ಈಜು ಬಲ್ಲ ಹಳ್ಳಿಯ ಹುಡುಗರು ಹೆಣವನ್ನು ದಡಕ್ಕೆ ತರುತ್ತಾರೆ. ಮೇಲೆತ್ತುವಾಗ ಜನ ಹಿಂದೆ ಸರಿಯುತ್ತಾರೆ, ಕಾನ್‌ಸ್ಟೆಬಲ್ ಒಂದು ಕಡೆ ಕೈಹಾಕಲೇಬೇಕು. ಮದುವೆಯಾಗಿ ಏಳು ವರ್ಷದೊಳಗೆ ಸತ್ತ ಹೆಂಗಸಾದರೆ ಶವ ಪಂಚನಾಮೆಗೆ ತಹಶೀಲ್ದಾರರು ಬರಬೇಕು. ಅವರು ಬರುವುದು ಬೆಳಿಗ್ಗೆ. ರಾತ್ರಿಯಿಡೀ ಹೆಣಕ್ಕೆ ಕಾವಲು. ಒಂದು ಕಡೆ ತವರಿನವರ ಗೋಳು, ಇನ್ನೊಂದು ಕಡೆ ಗಂಡನ ಮನೆಯವರ ಪಿಸುಮಾತು, ನಡುವೆ ಟಾರ್ಚ್ ಹಿಡಿದ ಒಬ್ಬ ಕಾನ್‌ಸ್ಟೆಬಲ್. ಬೆಳಿಗ್ಗೆ ಪಂಚರನ್ನು ಹುಡುಕಬೇಕು. ಹೆಣದ ಪಂಚನಾಮೆಗೆ ಸಹಿ ಹಾಕಲು ಯಾರೂ ಸುಲಭಕ್ಕೆ ಮುಂದೆ ಬರುವುದಿಲ್ಲ. ಆಮೇಲೆ ತಾಲ್ಲೂಕು ಆಸ್ಪತ್ರೆಯ ಶವಾಗಾರ, ವೈದ್ಯರಿಗೆ ಕೋರಿಕೆ ಪತ್ರ, ಮೈಮೇಲಿನ ಬಟ್ಟೆಯ ಗಂಟಿಗೆ ಅರಗಿನ ಮುದ್ರೆ, ಒಳಾಂಗಗಳ ಮಾದರಿ ತುಂಬಿದ ಬಾಟಲಿಗಳನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸುವ ಏರ್ಪಾಡು. ಕೊನೆಗೆ ವಾರಸುದಾರರಿಗೆ ಹೆಣ ಒಪ್ಪಿಸಿ ರಸೀದಿ ಪಡೆಯಬೇಕು. ಆ ರಸೀದಿ ಕಡತಕ್ಕೆ ಸೇರುವವರೆಗೆ ಅವನ ಕೆಲಸ ಮುಗಿಯದು.

ಹೀಗೆ ಬಂದವರಲ್ಲಿ ಎಷ್ಟೋ ಮಂದಿ ಸ್ನಾನ ಮಾಡದೆ ಮನೆಯೊಳಗೆ ಕಾಲಿಡುವುದಿಲ್ಲ. ಮೈಲಿಗೆಯ ನಂಬಿಕೆ ಒಂದು ಕಾರಣ. ಅದರಾಚೆಗೆ, ಕೆಲಸ ಮುಗಿಯಿತು, ಇನ್ನು ಮನೆ ಎಂದು ಮನಸ್ಸಿಗೆ ಹೇಳಿಕೊಳ್ಳುವ ದಾರಿಯೂ ಅದೇ ಇರಬೇಕು. ಯಾವ ತರಬೇತಿ ಶಾಲೆಯೂ ಇದನ್ನು ಹೇಳಿಕೊಟ್ಟಿಲ್ಲ. ಆದರೆ ಹಿತ್ತಲಿಲ್ಲದ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ, ಅದೇ ಮಧ್ಯಾಹ್ನ ಮಂತ್ರಿಗಳ ಬಂದೋಬಸ್ತಿಗೆ ಹೊರಡಬೇಕಾದವನಿಗೆ ಅಷ್ಟು ವ್ಯವಧಾನವೂ ಸಿಗುವುದಿಲ್ಲ. ರೋಲ್‌ಕಾಲ್‌ನಲ್ಲಿ ಹೆಸರು ಕೂಗುತ್ತಾರೆ, ‘ಹಾಜರ್ ಸಾರ್’ ಅನ್ನುತ್ತಾನೆ, ವ್ಯಾನು ಹತ್ತುತ್ತಾನೆ.

ಹೆಣ ನೋಡಿದ್ದು ಕರ್ತವ್ಯದ ಒತ್ತಡ. ರಾತ್ರಿಯೆಲ್ಲ ಬದಲಿ ಸಿಗದಿದ್ದದ್ದು ಸಿಬ್ಬಂದಿ ಕೊರತೆ, ಅಂದರೆ ಸಂಸ್ಥೆಯ ಒತ್ತಡ. ಮಲಗದೆ ಬಂದೋಬಸ್ತಿಗೆ ಹೋದದ್ದು ಮೇಲಿನವರ ಆಜ್ಞೆ. ಕೆರೆಯ ದಂಡೆಯ ನೆನಪು ರಾತ್ರಿ ಕಾಡಿದರೆ ಮನೋವೈದ್ಯರು ಆಘಾತ ಎನ್ನುತ್ತಾರೆ. ಅದು ತಾನಾಗಿ ಮಾಯಲು ಬೇಕಿದ್ದ ಒಂದು ನಿದ್ದೆ, ಒಂದು ಊಟ, ಮನೆಯವರೊಡನೆ ಒಂದು ಸಂಜೆ ಯಾಕೆ ಸಿಗಲಿಲ್ಲ ಎಂಬುದು ಡ್ಯೂಟಿ ಪಟ್ಟಿಯಲ್ಲಿದೆ. ಆಘಾತ ಎಲ್ಲ ದೇಶಗಳ ಪೊಲೀಸರಿಗೂ ಆಗುತ್ತದೆ. ಚೇತರಿಸಿಕೊಳ್ಳಲು ಬಿಡುವು ಎಲ್ಲರಿಗೂ ಸಿಗುವುದಿಲ್ಲ.

ಮಹಿಳಾ ಸಿಬ್ಬಂದಿಯ ವಿಷಯದಲ್ಲಿ ಇದು ಇನ್ನೂ ಬಿಗಿ. 2019ರ ಸಮೀಕ್ಷೆಯಲ್ಲಿ ಐವರು ಮಹಿಳಾ ಪೊಲೀಸರಲ್ಲಿ ಒಬ್ಬರು ತಮ್ಮ ಕೆಲಸದ ಜಾಗದಲ್ಲಿ ಪ್ರತ್ಯೇಕ ಶೌಚಾಲಯವೇ ಇಲ್ಲ ಎಂದಿದ್ದರು. ಇಡೀ ದಿನದ ಬಂದೋಬಸ್ತಿಗೆ ನಿಂತವರು ನೀರು ಕುಡಿಯುವುದನ್ನೇ ಬಿಟ್ಟು ದಿನ ದೂಡುತ್ತಾರೆ. ಇದನ್ನು ಯಾವ ಮಾಪಕದ ಯಾವ ಅಂಶಕ್ಕೆ ಸೇರಿಸುವುದು?

ಶಿಬಿರಗಳು ಮತ್ತು ಪುರಾವೆ

ಇಲಾಖೆಗಳು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವ ಪರಿಹಾರ ಶಿಬಿರ. ಯೋಗ, ಪ್ರಾಣಾಯಾಮ, ಒತ್ತಡ ನಿರ್ವಹಣೆಯ ಉಪನ್ಯಾಸ, ಕೊನೆಯಲ್ಲಿ ಗುಂಪು ಫೋಟೊ. ಯೋಗದಿಂದ ಹಾನಿಯಿಲ್ಲ, ಹಲವರಿಗೆ ಉಪಯೋಗವೂ ಆದೀತು. ಆದರೆ ಶಿಬಿರಗಳಿಂದ ಪೊಲೀಸರ ಮನಸ್ಸಿನ ಆರೋಗ್ಯ ಗಣನೀಯವಾಗಿ ಸುಧಾರಿಸುತ್ತದೆ ಎಂಬುದಕ್ಕೆ ಪುರಾವೆ ತೆಳುವಾಗಿದೆ. 2008ರ ಕಾಕ್ರೇನ್ ಪರಾಮರ್ಶೆ ಪೊಲೀಸರಿಗಾಗಿ ನಡೆದ ಮಾನಸಿಕ ಬೆಂಬಲ ಕಾರ್ಯಕ್ರಮಗಳ ಪ್ರಯೋಗಗಳನ್ನು ಒಟ್ಟಾಗಿ ನೋಡಿ, ಗಟ್ಟಿ ತೀರ್ಮಾನಕ್ಕೆ ಬರುವಷ್ಟು ಸಾಕ್ಷ್ಯವಿಲ್ಲ ಎಂದಿತು. ಪೊಲೀಸರಿಗೆ ಕೊಟ್ಟ ಒತ್ತಡ ನಿರ್ವಹಣೆ ತರಬೇತಿಗಳ ಫಲಿತಾಂಶಗಳನ್ನು ಪ್ಯಾಟರ್ಸನ್ ಮತ್ತು ಸಂಗಡಿಗರು 2014ರಲ್ಲಿ ಕ್ರೋಡೀಕರಿಸಿದರು. ಅವರಿಗೂ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ.

ಒಳ್ಳೆಯ ಉದ್ದೇಶವೂ ಹಾನಿ ಮಾಡಬಲ್ಲದು ಎಂಬುದಕ್ಕೆ ಆಮ್‌ಸ್ಟರ್‌ಡ್ಯಾಮಿನ ಉದಾಹರಣೆ ಇದೆ. 1992ರ ಅಕ್ಟೋಬರಿನಲ್ಲಿ ಅಲ್ಲಿನ ಬೈಲ್ಮರ್‌ಮೇರ್ ಬಡಾವಣೆಯ ವಸತಿ ಕಟ್ಟಡಗಳ ಮೇಲೆ ಸರಕು ವಿಮಾನವೊಂದು ಬಿತ್ತು. ಅವಶೇಷಗಳ ನಡುವೆ ಕೆಲಸ ಮಾಡಿದ ಪೊಲೀಸರಲ್ಲಿ ಕೆಲವರಿಗೆ, ನಡೆದದ್ದನ್ನೆಲ್ಲ ಗುಂಪಿನಲ್ಲಿ ಹೇಳಿಸಿ ಹಗುರ ಮಾಡುವ ಅಂದಿನ ಜನಪ್ರಿಯ ಕ್ರಮವನ್ನು ಅನುಸರಿಸಲಾಯಿತು. ಹದಿನೆಂಟು ತಿಂಗಳ ನಂತರ ನೋಡಿದಾಗ, ಹಾಗೆ ಮಾತಾಡಿಸಿದವರಲ್ಲೇ ಬೆಚ್ಚಿಬೀಳುವಿಕೆಯಂಥ ಲಕ್ಷಣಗಳು ಹೆಚ್ಚಿದ್ದವು ಎಂದು ಕಾರ್ಲಿಯರ್ ಮತ್ತು ಸಂಗಡಿಗರು 1998ರಲ್ಲಿ ವರದಿ ಮಾಡಿದರು. ಒಂದೇ ಬಾರಿಯ ಇಂಥ ಕಡ್ಡಾಯ ಮಾತುಕತೆಯನ್ನು ಇಂದು ಯಾವ ಜವಾಬ್ದಾರಿಯುತ ಮನೋವೈದ್ಯರೂ ಎಲ್ಲರಿಗೂ ಶಿಫಾರಸು ಮಾಡುವುದಿಲ್ಲ. ದೊಡ್ಡ ಘಟನೆಯ ಮರುದಿನವೇ ‘ಕೌನ್ಸೆಲಿಂಗ್ ಮಾಡಿಸಿದ್ದೇವೆ’ ಎಂದು ಪ್ರಕಟಣೆ ಕೊಡುವ ಉತ್ಸಾಹಿಗಳು ಇದನ್ನು ಗಮನಿಸಬೇಕು.

ಫಲ ಕೊಟ್ಟ ಕಾರ್ಯಕ್ರಮವೂ ಇದೆ. ಕೆನಡಾದ ಮಾಂಟ್ರಿಯಲ್ ನಗರ ಪೊಲೀಸರಲ್ಲಿ 1997ರಿಂದ ನಡೆದ ಆತ್ಮಹತ್ಯೆ ತಡೆ ಕಾರ್ಯಕ್ರಮವನ್ನು ಮಿಶಾರಾ ಮತ್ತು ಮಾರ್ಟಿನ್ 2012ರಲ್ಲಿ ಮೌಲ್ಯಮಾಪನ ಮಾಡಿದರು. ಹನ್ನೆರಡು ವರ್ಷಗಳಲ್ಲಿ ಅಲ್ಲಿನ ಪ್ರಮಾಣ ಲಕ್ಷಕ್ಕೆ 30.5ರಿಂದ 6.4ಕ್ಕೆ ಇಳಿದಿತ್ತು; ಅದೇ ಕ್ವಿಬೆಕ್ ಪ್ರಾಂತ್ಯದ ಉಳಿದ ಪೊಲೀಸರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಅಲ್ಲಿ ಮಾಡಿದ್ದೇನು? ಎಲ್ಲ ಸಿಬ್ಬಂದಿಗೆ ಅರ್ಧ ದಿನದ ತರಬೇತಿ, ಮೇಲ್ವಿಚಾರಕರಿಗೆ ಇನ್ನೂ ಹೆಚ್ಚಿನದು, ಪೊಲೀಸರೇ ಪೊಲೀಸರಿಗೆ ಉತ್ತರಿಸುವ ಗೋಪ್ಯ ದೂರವಾಣಿ, ನೆರವು ಕೇಳುವುದು ಅವಮಾನವಲ್ಲ ಎಂಬ ನಿರಂತರ ಪ್ರಚಾರ. ಒಂದು ನಗರದ ಸಣ್ಣ ಪಡೆಯ ಅಂಕಿ, ಆಕಸ್ಮಿಕ ಏರಿಳಿತಕ್ಕೆ ಅವಕಾಶ ಇದ್ದೇ ಇದೆ. ಆದರೂ ಒಂದು ಮಾತು ಮುಖ್ಯ. ಅಲ್ಲಿ ಪೊಲೀಸರಿಗೆ ಬಲವಾದ ಸಂಘವಿದೆ. ನಮ್ಮಲ್ಲಿ 1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆ ಸಂಘ ಕಟ್ಟುವ ದಾರಿಯನ್ನು ಬಹುಮಟ್ಟಿಗೆ ಮುಚ್ಚಿದೆ. ಇನ್‌ಸ್ಪೆಕ್ಟರ್ ಮೇಲಿನ ದೂರನ್ನು ಇನ್‌ಸ್ಪೆಕ್ಟರ್ ಮೂಲಕವೇ ಕಳುಹಿಸಬೇಕಾದ ಕಡೆ, ಗೋಪ್ಯ ದೂರವಾಣಿಯ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ ಎಂಬ ಅನುಮಾನ ಸಹಜ.

ದೇವನಾರ್ ಠಾಣೆ

ಹೊತ್ತಿನ ಪ್ರಶ್ನೆಗೆ ಭಾರತದೊಳಗೇ ಉತ್ತರ ಸಿಕ್ಕಿದೆ. ಮುಂಬೈಯ ದೇವನಾರ್ ಠಾಣೆಯ ಕಾನ್‌ಸ್ಟೆಬಲ್ ಒಬ್ಬರು 8 ಗಂಟೆಯ ಪಾಳಿ ಸಾಧ್ಯವೆಂದು ಲೆಕ್ಕ ಹಾಕಿ ಯೋಜನೆ ಬರೆದರು. ಆಗಿನ ಪೊಲೀಸ್ ಆಯುಕ್ತ ದತ್ತಾ ಪಡಸಲಗೀಕರ್ ಅದನ್ನು ಓದಿ ಒಪ್ಪಿದರು. 2016ರ ಮೇ ತಿಂಗಳಲ್ಲಿ ಆ ಠಾಣೆಯಲ್ಲಿ ಪ್ರಯೋಗ ಶುರುವಾಯಿತು. ಮರುವರ್ಷ ನಗರದ ಉಳಿದ ಠಾಣೆಗಳಿಗೂ ಹಬ್ಬಿತು. ಕರ್ನಾಟಕದಲ್ಲಿ ಸಾಮೂಹಿಕ ರಜೆಯ ಕರೆಗೆ ಎಸ್ಮಾ ಬಂದದ್ದೂ 2016ರ ಅದೇ ಬೇಸಿಗೆ. ಎರಡು ರಾಜ್ಯಗಳು ಒಂದೇ ದೂರನ್ನು ಎರಡು ರೀತಿ ಕೇಳಿಸಿಕೊಂಡವು ಎಂದಷ್ಟೇ ಹೇಳುತ್ತೇನೆ.

8 ಗಂಟೆ ಎಂದರೆ ಜನ ಬೇಕಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ದೇಶದ ಎಲ್ಲ ಠಾಣೆಗಳಲ್ಲಿ ಇದನ್ನು ಜಾರಿ ಮಾಡಲು ಮಂಜೂರಾದ ಸಿಬ್ಬಂದಿಯ 1.68 ಪಟ್ಟು ಬೇಕಾಗುತ್ತದೆ ಎಂದು ಹೈದರಾಬಾದಿನ ಕಾಲೇಜಿನ 2014ರ ಆ ಅಧ್ಯಯನ ಅಂದಾಜು ಮಾಡಿತ್ತು. ಹಣಕಾಸು ಇಲಾಖೆ ಇದನ್ನು ಕೇಳಿ ಕಡತ ಮುಚ್ಚಬಹುದು. ಆದರೆ ಮೂರು ಪಾಳಿ ಸಾಧ್ಯವಾಗದ ಕಡೆಯೂ ವಾರದ ರಜೆಯನ್ನು ಮೊದಲೇ ಗೊತ್ತುಮಾಡಿ, ರದ್ದಾದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡುವಂತೆ ಮಾಡಲು ಹೆಚ್ಚು ಹಣವೇನೂ ಬೇಡ. ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಬರುತ್ತೇನೆ ಎಂದು ತಂದೆ ಹದಿನೈದು ದಿನ ಮುಂಚೆ ಹೇಳಬಲ್ಲನೇ, ಇಲ್ಲವೇ? ಮನಃಸ್ಥೈರ್ಯದ ಪರೀಕ್ಷೆಗೆ ಒಂದೇ ಪ್ರಶ್ನೆ ಇಡಲು ನನಗೆ ಅವಕಾಶ ಸಿಕ್ಕರೆ ಅದನ್ನೇ ಇಡುತ್ತೇನೆ.

ಇದು ಪೊಲೀಸರ ಸುಖದ ಪ್ರಶ್ನೆ ಮಾತ್ರವಲ್ಲ. ಉತ್ತರ ಅಮೆರಿಕದ ಸುಮಾರು 5,000 ಪೊಲೀಸರ ನಿದ್ದೆಯನ್ನು ಅಧ್ಯಯನ ಮಾಡಿದ ರಾಜರತ್ನಮ್ ಮತ್ತು ಸಂಗಡಿಗರ ವರದಿ 2011ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಅವರಲ್ಲಿ ಶೇ 40ರಷ್ಟು ಮಂದಿಗೆ ಒಂದಲ್ಲ ಒಂದು ನಿದ್ದೆಯ ತೊಂದರೆಯ ಲಕ್ಷಣಗಳಿದ್ದವು. ಅಂಥವರಲ್ಲಿ ಗಾಡಿ ಓಡಿಸುವಾಗ ತೂಕಡಿಕೆ, ಕೆಲಸದಲ್ಲಿ ತಪ್ಪು, ಆರೋಪಿಗಳ ಮೇಲೆ ಹಿಡಿತ ತಪ್ಪಿದ ಸಿಟ್ಟು ಇವೆಲ್ಲ ಹೆಚ್ಚಾಗಿದ್ದವು. ನಿದ್ದೆಗೆಟ್ಟವನ ಲಾಠಿಯ ಮುಂದೆ ನಿಲ್ಲುವುದು ಸಾಮಾನ್ಯ ಜನ. ಇಲ್ಲಿ ಒಂದು ಎಚ್ಚರ ಬೇಕು. ದಣಿವು ಕಸ್ಟಡಿ ಹಿಂಸೆಗೆ ಸಮರ್ಥನೆಯಾಗದು. ಚೆನ್ನಾಗಿ ಮಲಗಿ ಎದ್ದವರೂ ಹೊಡೆದದ್ದುಂಟು. ಹದಿನಾರು ಗಂಟೆ ದುಡಿದವರೂ ದೂರುದಾರರನ್ನು ಕೂರಿಸಿ ನೀರು ಕೊಟ್ಟದ್ದುಂಟು. ಪೊಲೀಸರ ಕ್ಷೇಮದ ಚರ್ಚೆ ಹೊಡೆತ ತಿಂದವರ ದೂರನ್ನು ಮುಚ್ಚುವ ಹೊದಿಕೆಯಾದರೆ ನಾನು ಆ ಚರ್ಚೆಯ ಜೊತೆಗಿಲ್ಲ.

ನ್ಯಾಯದ ಭಾವನೆ

ಸಂಸ್ಥೆಯ ಒತ್ತಡದೊಳಗೆ ಹೊತ್ತಿನಷ್ಟೇ ತೂಕದ ಇನ್ನೊಂದು ಸಂಗತಿ ಇದೆ: ತಪ್ಪಾದಾಗ ಹೊಣೆ ಯಾರ ತಲೆಗೆ ಬರುತ್ತದೆ ಎಂಬುದು. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಐಪಿಎಲ್ ಗೆದ್ದಾಗ ಬೆಂಗಳೂರಿನ ಬೀದಿಗಳಲ್ಲಿ ಬೆಳಗಿನ ಜಾವದವರೆಗೆ ಸಂಭ್ರಮ ನಡೆಯಿತು. ಆ ರಾತ್ರಿಯನ್ನು ಕಾದ ಪೊಲೀಸರೇ ಮರುದಿನ ವಿಧಾನಸೌಧದ ಸನ್ಮಾನಕ್ಕೂ ಚಿನ್ನಸ್ವಾಮಿ ಕ್ರೀಡಾಂಗಣದ ಜನಸಾಗರಕ್ಕೂ ನಿಲ್ಲಬೇಕಾಯಿತು. ಕ್ರೀಡಾಂಗಣದ ಬಾಗಿಲುಗಳ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಜೂನ್ 5ರಂದು ನಗರ ಪೊಲೀಸ್ ಆಯುಕ್ತರೂ ಸೇರಿ ಹಲವು ಅಧಿಕಾರಿಗಳು ಅಮಾನತಾದರು. ಅವರಲ್ಲೊಬ್ಬರ ಅರ್ಜಿಯ ಮೇಲೆ ಜುಲೈ 1ರಂದು ಆದೇಶ ಕೊಟ್ಟ ಕೇಂದ್ರ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠ ಅಮಾನತನ್ನು ರದ್ದು ಮಾಡಿತು. ಪೊಲೀಸರೂ ಮನುಷ್ಯರೇ, ಅವರ ಕೈಯಲ್ಲಿ ಅಲ್ಲಾವುದ್ದೀನನ ದೀಪವಿಲ್ಲ ಎಂಬ ಧಾಟಿಯಲ್ಲಿ ಬರೆಯಿತು. ಮುಂದೆ ಸರ್ಕಾರವೇ ಅಮಾನತುಗಳನ್ನು ಹಿಂತೆಗೆದುಕೊಂಡಿತು.

ಕಾನೂನಿನ ತಪ್ಪುಒಪ್ಪು ಬೇರೆ ಮಾತು. ಹನ್ನೊಂದು ಮನೆಗಳ ದುಃಖದ ಎದುರು ಅಧಿಕಾರಿಗಳ ಅಮಾನತು ದೊಡ್ಡ ಸಂಗತಿಯೂ ಅಲ್ಲ. ಈ ಟಿಪ್ಪಣಿಗೆ ಬೇಕಾದದ್ದು ಬೇರೆ. ವಿಚಾರಣೆಗೆ ಮುನ್ನವೇ ಶಿಕ್ಷೆ ಬರಬಹುದು ಎಂದು ಗೊತ್ತಾದ ಪಡೆಯಲ್ಲಿ ನಿರ್ಧಾರ ತೆಗೆದುಕೊಳ್ಳುವ ಧೈರ್ಯ ಕುಗ್ಗುತ್ತದೆ. ಆಯುಕ್ತರಿಗೇ ಹೀಗಾದರೆ ನಮ್ಮ ಗತಿಯೇನು ಎಂಬ ಮಾತು ಕೆಳಗಿನ ಹಂತದವರೆಗೆ ಇಳಿಯುತ್ತದೆ. ಮೆಮೊ, ಅಮಾನತು, ಇಲಾಖಾ ವಿಚಾರಣೆ ಇವು ಕಾನ್‌ಸ್ಟೆಬಲ್ ಬದುಕಿನಲ್ಲಿ ಪತ್ರಿಕೆಯ ಸುದ್ದಿಯಾಗದೆ ನಡೆಯುವಂಥವು. ಅವನ ಪರವಾಗಿ ನ್ಯಾಯಮಂಡಳಿಗೆ ಹೋಗಲು ಹಿರಿಯ ವಕೀಲರ ಶುಲ್ಕ ಅವನಲ್ಲಿರುವುದಿಲ್ಲ.

ಅಂಕಿಅಂಶದ ಕೊರತೆ

ಕೊನೆಯದಾಗಿ ವಿಧಾನದ ಬಗ್ಗೆ. ನಮ್ಮ ಪೊಲೀಸ್ ಅಧ್ಯಯನಗಳಲ್ಲಿ ಬಹುಪಾಲು ಒಂದೇ ಸಲ ಪ್ರಶ್ನಾವಳಿ ತುಂಬಿಸಿ ಮುಗಿಸಿದಂಥವು. ಒತ್ತಡದಿಂದ ಖಿನ್ನತೆ ಬಂತೋ, ಖಿನ್ನನಾದವನಿಗೆ ಎಲ್ಲವೂ ಒತ್ತಡವಾಗಿ ಕಂಡಿತೋ ಅವುಗಳಿಂದ ಹೇಳಲಾಗದು. ಕೆಲಸ ಬಿಟ್ಟವರು, ದೀರ್ಘ ರಜೆಯಲ್ಲಿರುವವರು ಮಾದರಿಯಲ್ಲೇ ಇರುವುದಿಲ್ಲ. ಉಳಿದುಕೊಂಡವರನ್ನಷ್ಟೇ ಕೇಳಿ ಪಡೆಗೆ ಸ್ಥೈರ್ಯವಿದೆ ಎಂದರೆ ಏನು ಬೆಲೆ? ಪ್ರಶ್ನಾವಳಿಯನ್ನು ಹಂಚುವುದು ಎಷ್ಟೋ ಕಡೆ ಠಾಣೆಯೊಳಗೇ, ಮೇಲಧಿಕಾರಿಯ ಅನುಮತಿಯೊಂದಿಗೆ. ರೋಲ್‌ಕಾಲ್ ಮುಗಿದ ಮೇಲೆ ಸಾಲಾಗಿ ಕೂರಿಸಿ ಕಾಗದ ಕೊಟ್ಟರೆ, ಮೇಲಧಿಕಾರಿಯ ಬಗ್ಗೆ ಕೇಳಿದ ಕಡೆ ಎಷ್ಟು ಅಂಕ ಬೀಳುತ್ತದೆ ಎಂದು ಊಹಿಸಲು ಸಂಖ್ಯಾಶಾಸ್ತ್ರ ಬೇಕಿಲ್ಲ.

ಆತ್ಮಹತ್ಯೆಯ ಲೆಕ್ಕವೂ ಮಸುಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವಾರ್ಷಿಕ ವರದಿಯಲ್ಲಿ ಕೇಂದ್ರ ಸಶಸ್ತ್ರ ಪಡೆಗಳಿಗೆ ಪ್ರತ್ಯೇಕ ಕೋಷ್ಟಕವಿದೆ. ರಾಜ್ಯದ ಪೊಲೀಸರು ರಾಜ್ಯ ಸರ್ಕಾರಿ ನೌಕರರ ಒಟ್ಟು ಸಂಖ್ಯೆಯೊಳಗೆ ಕರಗಿಹೋಗುತ್ತಾರೆ. ನೆರವು ಕೇಳಲು ದಾರಿಗಳೇ ಇಲ್ಲವೆಂದಲ್ಲ. ಆರೋಗ್ಯ ಭಾಗ್ಯ ಯೋಜನೆಯಡಿ ಪೊಲೀಸ್ ಕುಟುಂಬಗಳಿಗೆ ಚಿಕಿತ್ಸೆ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾರು ಬೇಕಾದರೂ ಕನ್ನಡದಲ್ಲೇ ಕರೆ ಮಾಡಬಹುದು. ಅದರ ರಾಷ್ಟ್ರೀಯ ಕೇಂದ್ರ ನಮ್ಮ ನಿಮ್ಹಾನ್ಸ್. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ರೋಗಿಯ ವಿವರಗಳನ್ನು ಗೋಪ್ಯವಾಗಿಡಬೇಕೆನ್ನುತ್ತದೆ. ಈ ಕಲಂ ಬಗ್ಗೆ ಎಷ್ಟು ಠಾಣಾಧಿಕಾರಿಗಳು ತಮ್ಮ ಸಿಬ್ಬಂದಿಗೆ ಹೇಳಿದ್ದಾರೆ? ಮನೋವೈದ್ಯರ ಚೀಟಿ ತಂದವನನ್ನು ಬಂದೂಕಿನ ಕಾವಲಿನಿಂದ ತೆಗೆಯುವುದು ಸುರಕ್ಷತೆಗೆ ಬೇಕಾಗಬಹುದು. ಅದನ್ನು ಎಲ್ಲರೆದುರು ಮಾಡಿ, ಬಡ್ತಿಯ ಹೊತ್ತಿಗೆ ನೆನಪಿಸಿದರೆ ಮುಂದೆ ಯಾರೂ ಚೀಟಿ ತರುವುದಿಲ್ಲ.

ಇಲಾಖೆಗೆ ನನ್ನ ಕೋರಿಕೆ ಒಂದೇ. ಮನಃಸ್ಥೈರ್ಯದ ಇನ್ನೊಂದು ಸಮೀಕ್ಷೆಗೆ ಹಣ ಕೊಡುವ ಮುಂಚೆ, ಠಾಣೆಗಳಲ್ಲಿ ಈಗಾಗಲೇ ಇರುವ ಹಾಜರಿ ಪುಸ್ತಕ ಮತ್ತು ರಜೆಯ ದಾಖಲೆಗಳಿಂದ ಹೆಸರುಗಳನ್ನು ಅಳಿಸಿ, ಯಾವ ಠಾಣೆಯಲ್ಲಿ ಎಷ್ಟು ವಾರದ ರಜೆ ಮಂಜೂರಾಯಿತು, ಎಷ್ಟು ರದ್ದಾಯಿತು, ಕೇಳಿದ ಎಷ್ಟು ರಜೆ ಸಿಗಲಿಲ್ಲ ಎಂಬುದನ್ನು ಪ್ರತಿ ವರ್ಷ ಪ್ರಕಟಿಸಲಿ. ಅದಕ್ಕೆ ಹೊಸ ಮಾಪಕ ಬೇಡ, ವಿದೇಶಿ ಪರವಾನಗಿ ಬೇಡ. ಕೂಡಿಸಿ ಬರೆಯಲು ಪ್ರತಿ ಜಿಲ್ಲೆಯ ಎಸ್‌ಪಿ ಕಚೇರಿಯಲ್ಲಿ ಒಬ್ಬ ಗುಮಾಸ್ತರು ಸಾಕು.